ಮೋಟಾರ್ ಬೋಟನ್ನು ಟ್ರೇಲರ್‌ಗೆ ಏರಿಸುವುದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹ ಕಂಡ ಮೇಲೆ ಕಾವೇರಿ ದಡದ ಅನೇಕರಿಗೆ ಬೋಟ್ ಎಂದರೆ ಪ್ರವಾಸಿಗರ ಆಟದ ಸಾಮಾನಾಗಿ ಉಳಿದಿಲ್ಲ. ಬೋಟನ್ನು ನೀರಿನಲ್ಲಿ ಓಡಿಸುವುದನ್ನು ಜನ ಬೇಗ ಕಲಿಯುತ್ತಾರೆ. ಅದನ್ನು ಮತ್ತೆ ಟ್ರೇಲರ್ ಮೇಲೆ ಕೂರಿಸುವಾಗ ಮಾತ್ರ ದಡದಲ್ಲಿ ಜಾತ್ರೆ ನೆರೆಯುತ್ತದೆ: ಒಬ್ಬ ವಿಂಚ್ (ಟ್ರೇಲರಿನ ಮುಂದೆ ಕೂರಿಸಿದ, ಪಟ್ಟಿ ಸುತ್ತಿ ಬೋಟನ್ನು ಎಳೆಯುವ ಕೈರಾಟೆ) ತಿರುಗಿಸುತ್ತಾನೆ, ಇಬ್ಬರು ನೂಕುತ್ತಾರೆ, ಉಳಿದವರು ಸಲಹೆ ಕೊಡುತ್ತಾರೆ. ಸಂತೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ನನಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ವಿಂಚ್ ತಿರುಗಿಸಿ ತಿರುಗಿಸಿ ರಟ್ಟೆ ಸೋತುಹೋಗುತ್ತದೆ. ಇದಕ್ಕಿಂತ ದೊಡ್ಡ ವಿಂಚ್ ಹಾಕಿಸಬೇಕೇ?

ಬಹಳಷ್ಟು ಸಲ ಬೇಕಾಗಿಲ್ಲ. ತೇಲುತ್ತಿರುವ ಬೋಟಿನ ಭಾರವನ್ನು ನೀರು ಹೊತ್ತಿರುತ್ತದೆ, ಟ್ರೇಲರ್ ಅಲ್ಲ. ನಿಮ್ಮ ಟ್ರೇಲರ್ ಸಾಕಷ್ಟು ನೀರಿಗೆ ಇಳಿಯದಿದ್ದರೆ ಬೋಟ್ ತೇಲುವುದನ್ನು ಬಿಟ್ಟು, ತಾನು ಕೂರುವ ಟ್ರೇಲರಿನ ಹಲಗೆಗೆ ಉಜ್ಜಲು ತೊಡಗುತ್ತದೆ. ಅಲ್ಲಿಂದ ಮುಂದೆ ನೀವು ಎಳೆಯುತ್ತಿರುವುದು ನಿಜವಾದ ತೂಕವನ್ನು.

ಲೆಕ್ಕ ನೋಡಿ. ಎಂಜಿನ್, ಪೆಟ್ರೋಲ್ ಎಲ್ಲ ಸೇರಿ ಬೋಟ್ 600 ಕೆಜಿ ಇದೆ ಎಂದುಕೊಳ್ಳೋಣ. ದಡದ ಇಳಿಜಾರು 100ಕ್ಕೆ 15ರಷ್ಟಿದ್ದರೆ ಇಳಿಜಾರಿನ ಸೆಳೆತವೇ ಸುಮಾರು 90 ಕೆಜಿ. ಒಣಗಿದ ಕಾರ್ಪೆಟ್ ಹೊದಿಸಿದ ಹಲಗೆಯ ಮೇಲಾದರೆ ಉಜ್ಜುವಿಕೆ ಅದಕ್ಕಿಂತ ಹೆಚ್ಚಿನ ಭಾರವನ್ನು ಸೇರಿಸುತ್ತದೆ. ಟ್ರೇಲರನ್ನು ಒಂದು ಮೊಳ ಹಿಂದಕ್ಕೆ ಬಿಟ್ಟರೆ ಇದರ ಬಹುಪಾಲು ಕಳೆದುಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಬೋಟ್ ಏರಿಸುವ ಕೆಲಸ ತೀರ್ಮಾನವಾಗುವುದು ಜೀಪಿನ ಬ್ರೇಕ್ ಒತ್ತಿದ ಜಾಗದಲ್ಲಿ. ವಿಂಚ್ ಹಿಡಿಯುವವನ ಪಾಲಿಗೆ ಉಳಿಯುವುದು ಕೊನೆಯ ಒಂದೆರಡು ಅಡಿ ಮಾತ್ರ.

ನೀರು ಸರಿಯಾಗಿದ್ದೂ ಕೈ ಸೋಲುತ್ತಿದ್ದರೆ ಆಗ ವಿಂಚ್ ನೋಡಿ. ಎರಡು ವೇಗದ ಗೇರ್ ಇರುವ ವಿಂಚ್ ಸಿಗುತ್ತದೆ, ನಿಧಾನದ ಗೇರಿಗೆ ಹಾಕಿಕೊಂಡರೆ ಹೆಚ್ಚು ಸುತ್ತು, ಕಡಿಮೆ ಬಲ.

ಟ್ರೇಲರ್ ಎಷ್ಟು ಮುಳುಗಿದರೆ ಸರಿ ಎಂದು ಹೇಗೆ ಗೊತ್ತಾಗುತ್ತದೆ?

ಬೋಟ್ ಕೂರುವ ಉದ್ದನೆಯ ಹಲಗೆಗಳು ಇರುವ ಟ್ರೇಲರ್ ಆದರೆ, ಹಲಗೆಯ ಹಿಂದಿನ ಎರಡು ಪಾಲು ನೀರಿನೊಳಗೆ, ಮುಂದಿನ ಒಂದು ಪಾಲು ನೀರಿನ ಮೇಲೆ. ಶುರು ಮಾಡಲು ಈ ಅಂದಾಜು ಸಾಕು. ಆಮೇಲೆ ನಿಮ್ಮ ಬೋಟಿಗೆ ತಕ್ಕಂತೆ ತಿದ್ದಿಕೊಳ್ಳಿ. ಬೋಟ್ ಹಲಗೆಯ ಅರ್ಧಕ್ಕೂ ಬಾರದೆ ನಿಂತುಬಿಟ್ಟರೆ ನೀರು ಕಡಿಮೆ. ಮೂತಿ ತಾನಾಗಿ, ಅದನ್ನು ತಡೆದು ನಿಲ್ಲಿಸಲು ಟ್ರೇಲರಿನ ಮುಂದುಗಡೆ ಇರುವ ತಡೆ ರೋಲರ್‌ಗೆ ಒಂದೆರಡು ಅಡಿ ಹತ್ತಿರ ಬಂದು ಮೆಲ್ಲನೆ ನಿಂತರೆ ಅದೇ ನಿಮ್ಮ ಆಳ.

ಒಮ್ಮೆ ಸರಿಬಂದ ಕೂಡಲೇ ಟ್ರೇಲರಿನ ಗಾಲಿಯ ಮಡ್‌ಗಾರ್ಡ್ ಎಲ್ಲಿಯವರೆಗೆ ಮುಳುಗಿದೆ ನೋಡಿ, ಅಲ್ಲಿ ಬಿಳಿ ಪೇಂಟಿನ ಗೆರೆ ಎಳೆದುಬಿಡಿ. ಮುಂದಿನ ಸಲ ಅದೇ ದಡದಲ್ಲಿ ಅದನ್ನು ನೋಡಿಕೊಂಡು ರಿವರ್ಸ್ ಬಂದರೆ ಸಾಕು. ಬೇರೆ ಇಳಿಜಾರಿನಲ್ಲಿ ಗೆರೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಆದರೂ ಸುಮ್ಮನೆ ಅಂದಾಜು ಹೊಡೆಯುವುದಕ್ಕಿಂತ ಮೇಲು.

ಹಾಗಾದರೆ ಇನ್ನೂ ಆಳಕ್ಕೆ ಇಳಿಸಿದರೆ ಇನ್ನೂ ಸುಲಭವಲ್ಲವೇ?

ಅಲ್ಲ. ಟ್ರೇಲರ್ ಪೂರ್ತಿ ಮುಳುಗಿದರೆ ಬೋಟನ್ನು ಹಿಡಿಯುವವರೇ ಇರುವುದಿಲ್ಲ. ಹಿಂಬದಿ ಗಾಳಿಗೆ ಅತ್ತಿತ್ತ ತೇಲುತ್ತದೆ, ಮೂತಿ ತಡೆ ರೋಲರಿನ ಮೇಲಕ್ಕೆ ಹತ್ತಿಬಿಡುತ್ತದೆ. ಮೇಲಿನಿಂದ ನೋಡಿದರೆ ನೇರವಾಗಿದೆ ಅನಿಸುತ್ತದೆ. ಜೀಪು ಮುಂದೆ ಎಳೆದು ನೀರಿನಿಂದ ಹೊರಬಂದಾಗ ಬೋಟ್ ಒಂದು ಹಲಗೆಯ ಮೇಲೆ, ಇನ್ನೊಂದು ಹಲಗೆ ಖಾಲಿ. ಮತ್ತೆ ನೀರಿಗೆ ಇಳಿಸದೆ ಬೇರೆ ದಾರಿಯಿಲ್ಲ.

ಹಲಗೆಯ ಟ್ರೇಲರ್ ಒಳ್ಳೆಯದೋ, ರೋಲರ್ ಟ್ರೇಲರೋ?

ನೀವು ಬೋಟ್ ಇಳಿಸುವ ದಡವನ್ನು ಕೇಳಿ. ಇಳಿಜಾರು ಕಡಿದಾಗಿದ್ದು ನೀರು ಬೇಗ ಆಳವಾಗುವಲ್ಲಿ ಹಲಗೆ ಒಳ್ಳೆಯದು: ಬೋಟಿನ ತಳಕ್ಕೆ ಉದ್ದಕ್ಕೂ ಆಸರೆ, ಕೆಡುವ ಭಾಗ ಕಡಿಮೆ. ದಡ ಚಪ್ಪಟೆಯಾಗಿದ್ದು ಟ್ರೇಲರನ್ನು ಬೇಕಾದಷ್ಟು ಮುಳುಗಿಸಲು ಆಗದ ಕಡೆ ರೋಲರ್ ಗೆಲ್ಲುತ್ತದೆ, ಕಡಿಮೆ ನೀರಿನಲ್ಲೂ ಬೋಟ್ ಉರುಳಿಕೊಂಡು ಬರುತ್ತದೆ. ಆದರೆ ರೋಲರಿನ ಕೆಸರು ತೊಳೆಯಬೇಕು, ಉರುಳದೆ ಜಾಮ್ ಆದ ರೋಲರನ್ನು ಬದಲಿಸಬೇಕು. ಉರುಳದ ರೋಲರ್ ಬೋಟಿನ ತಳವನ್ನು ಕೆರೆಯುವ ಉಳಿ.

ಎಡಕ್ಕೆ ಸ್ಟೀರಿಂಗ್ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ರಿವರ್ಸ್ ಬರುವುದೇ ದೊಡ್ಡ ಸಾಹಸ. ಉಪಾಯ ಇದೆಯೇ?

ಸ್ಟೀರಿಂಗಿನ ಕೆಳಭಾಗವನ್ನು, ಗಡಿಯಾರದ ಆರು ಗಂಟೆಯ ಜಾಗದಲ್ಲಿ, ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಗೊಂದಲ ಅಲ್ಲಿಗೆ ಮುಗಿಯಿತು. ಸಣ್ಣ ಸಣ್ಣದಾಗಿ ತಿರುಗಿಸಿ. ಟ್ರೇಲರ್ ಮಡಚಿಕೊಳ್ಳಲು ಶುರುವಾದರೆ ಹಟ ಮಾಡಬೇಡಿ, ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಚಿಕ್ಕ ಟ್ರೇಲರ್ ದೊಡ್ಡದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅಭ್ಯಾಸಕ್ಕೆ ಕೊಡಗಿನಲ್ಲಿರುವಷ್ಟು ಒಳ್ಳೆಯ ಜಾಗ ಬೇರೆಲ್ಲೂ ಇರಲಿಕ್ಕಿಲ್ಲ. ರೋಬಸ್ಟಾ ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಕಾಫಿ ಕಣ ಮಳೆಗಾಲದವರೆಗೆ ಖಾಲಿ ಬಿದ್ದಿರುತ್ತದೆ. ಟ್ರೇಲರಿಗಿಂತ ಒಂದು ಅಡಿ ಅಗಲಕ್ಕೆ ಎರಡು ಸಾಲು ಖಾಲಿ ಬಕೆಟ್ ಇಟ್ಟು ಅದರ ನಡುವೆ ರಿವರ್ಸ್ ಬನ್ನಿ. ಬಕೆಟ್ ಬಿದ್ದರೆ ಮನೆಯವರ ಬೈಗುಳ ಬಿಟ್ಟು ಬೇರೆ ನಷ್ಟವಿಲ್ಲ.

## ದಡದಲ್ಲಿ ಎದುರಾಗುವವು

ಹಾರಂಗಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಸಲೀಸಾಗಿ ಏರಿದ ಬೋಟ್ ಬೇಸಿಗೆಯಲ್ಲಿ ಯಾಕೆ ಸತಾಯಿಸುತ್ತದೆ?

ಬೋಟ್ ಬದಲಾಗಿಲ್ಲ, ದಡ ಬದಲಾಗಿದೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಮಳೆಗಾಲದಲ್ಲಿ ನೀರು ಆ ಮಟ್ಟದ ಹತ್ತಿರ ಇರುವಾಗ ನೀವು ನಿಲ್ಲುವುದು ಗಟ್ಟಿ ನೆಲದ ಮೇಲೆ. ಬೇಸಿಗೆಯಲ್ಲಿ ನೀರು ಕೆಳಗೆ ಸರಿದಾಗ, ಅಲ್ಲಿಯವರೆಗೆ ಮುಳುಗಿದ್ದ ಹೂಳಿನ ನೆಲ ಮೇಲೆ ಬರುತ್ತದೆ. ಅದು ಮೆತ್ತಗೆ, ಇಳಿಜಾರೂ ಕಡಿಮೆ.

ಇಳಿಜಾರಿನ ವ್ಯತ್ಯಾಸ ಎಷ್ಟು ದೊಡ್ಡದು ಗೊತ್ತೇ? ಟ್ರೇಲರಿನ ಬಾಲದಲ್ಲಿ 60 ಸೆಂಟಿಮೀಟರ್ ನೀರು ಬೇಕು ಎನ್ನೋಣ. 100ಕ್ಕೆ 15ರ ಇಳಿಜಾರಿನಲ್ಲಿ ಬಾಲ ನೀರಿನ ಅಂಚಿನಿಂದ 4 ಮೀಟರ್ ಒಳಗೆ ಹೋದರೆ ಸಾಕು. 100ಕ್ಕೆ 5ರ ಇಳಿಜಾರಿನಲ್ಲಿ 12 ಮೀಟರ್ ಹೋಗಬೇಕು. ಅಷ್ಟರಲ್ಲಿ ಜೀಪಿನ ಹಿಂದಿನ ಗಾಲಿ ಮಾತ್ರವಲ್ಲ, ಸೈಲೆನ್ಸರ್ ಕೊಳವೆಯೂ ನೀರಿನಲ್ಲಿ. ಇಂಥ ಕಡೆ ಜೀಪನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಟ್ರೇಲರನ್ನು ಕೊಂಡಿಯಿಂದ ಬಿಚ್ಚಿ, ದಪ್ಪ ಹಗ್ಗ ಅಥವಾ ಸರಪಳಿ ಕಟ್ಟಿ ಕೈಯಿಂದ ನೀರಿಗೆ ಇಳಿಸುವುದು ಕ್ಷೇಮ. ಬೋಟ್ ಏರಿದ ಮೇಲೆ ಅದೇ ಹಗ್ಗದಿಂದ ಜೀಪು ಎಳೆಯುತ್ತದೆ. ಇದಕ್ಕೆ ಟ್ರೇಲರಿನ ಮುಂದುಗಡೆ ಪುಟ್ಟ ಗಾಲಿ ಇರಲೇಬೇಕು, ಇಲ್ಲದಿದ್ದರೆ ಮೂತಿ ಕೆಸರಿನಲ್ಲಿ ಉಳುಮೆ ಮಾಡುತ್ತದೆ.

ಕೆಸರಿನಲ್ಲಿ ಜೀಪಿನ ಗಾಲಿ ಸುಮ್ಮನೆ ಸುತ್ತುತ್ತದೆ. ಫೋರ್ ವೀಲ್ ಇದ್ದರೂ ಏಳುವುದಿಲ್ಲ.

ಗಾಲಿ ಸುತ್ತಲು ಶುರುವಾದ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿಯುವ ಮೊದಲೇ ಗಾಲಿ ಬರುವ ಎರಡು ಗೆರೆಗಳಲ್ಲಿ ಹಳೆಯ ಗೋಣಿ ಚೀಲ ಹಾಸಿ, ಅದರ ಮೇಲೆ ಸಿಲ್ವರ್ ಓಕ್ ಹಲಗೆ ಅಡ್ಡಡ್ಡ ಹಾಕಿ. ತೋಟದ ಮನೆಯಲ್ಲಿ ಎರಡಕ್ಕೂ ಬರವಿಲ್ಲ. ಬರೀ ಹಲಗೆ ಹಾಕಿದರೆ ಒದ್ದೆಯಾಗಿ ಜಾರುತ್ತದೆ, ಬರೀ ಗೋಣಿ ಹಾಕಿದರೆ ಗಾಲಿಗೆ ಸುತ್ತಿಕೊಂಡು ಹಿಂದಕ್ಕೆ ಹಾರುತ್ತದೆ. ಆದ್ದರಿಂದ ಎರಡೂ ಬೇಕು. ಗಾಲಿಯ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಟಾರು ರಸ್ತೆಗೆ ಬರುವ ಮೊದಲು ತುಂಬಿಸಿಕೊಳ್ಳಿ.

ಲೋ ಗೇರ್ ಹಾಕಿ ನಿಧಾನಕ್ಕೆ, ನಿಲ್ಲಿಸದೆ ಹತ್ತಿಸಿ. ಆ ಹೊತ್ತಿನಲ್ಲಿ ಟ್ರೇಲರಿನ ಹಿಂದೆ ಯಾರೂ ಇರಬಾರದು, ನೂಕಲು ಕೂಡ ಬೇಡ. ಜಿಗಣೆ ಕಚ್ಚಿದೆ ಎಂದು ಬಗ್ಗಿ ನಿಂತವರನ್ನು ಮೊದಲು ಆಚೆ ಕಳಿಸಿ, ಮಳೆಗಾಲದಲ್ಲಿ ಯಾರಾದರೊಬ್ಬರು ಬಗ್ಗಿಯೇ ಇರುತ್ತಾರೆ.

ಕಾವೇರಿಯಲ್ಲಿ ಸೆಳೆತ ಇದ್ದಾಗ ಬೋಟಿನ ಹಿಂಬದಿ ಕೆಳಕ್ಕೆ ತೇಲಿಹೋಗುತ್ತದೆ. ನೇರ ಮಾಡುವುದು ಹೇಗೆ?

ಜಲಾಶಯದಲ್ಲಿ ಕಲಿತದ್ದು ನದಿಯಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹರಿಯುವ ನೀರಿನಲ್ಲಿ ಮೂರು ವಿಷಯ ನೋಡಬೇಕು.

ಮೊದಲು ಜಾಗ. ನದಿ ತಿರುಗುವಲ್ಲಿ ತಿರುವಿನ ಒಳದಡದಲ್ಲಿ, ಅಥವಾ ದೊಡ್ಡ ಬಂಡೆಯ ಕೆಳಬದಿಯಲ್ಲಿ ನೀರು ಸೌಮ್ಯವಾಗಿರುತ್ತದೆ. ನಾಲ್ಕು ಎಲೆ ಕಿತ್ತು ನೀರಿಗೆ ಹಾಕಿ ನೋಡಿ. ಎಲೆ ಎಲ್ಲಿ ತಡವರಿಸುತ್ತದೋ ಅಲ್ಲಿ ಟ್ರೇಲರ್ ಇಳಿಸಿ. ಒಳದಡದಲ್ಲಿ ಮರಳು ನಿಂತು ಆಳ ಕಡಿಮೆ ಇರಬಹುದು, ಕೋಲು ಚುಚ್ಚಿ ನೋಡಿಕೊಳ್ಳಿ.

ಎರಡನೆಯದು ಕೋನ. ಟ್ರೇಲರನ್ನು ದಡಕ್ಕೆ ನೇರವಾಗಿ ಇಳಿಸಬೇಡಿ. ಅದರ ಬಾಲ ಹೊಳೆಯ ಕೆಳಗಡೆಗೆ ಸ್ವಲ್ಪ ಮುಖ ಮಾಡಿರಲಿ. ಆಗ ಬೋಟ್ ಕೆಳಗಿನಿಂದ ಹೊಳೆಗೆ ಎದುರಾಗಿ ಬಂದು ಟ್ರೇಲರ್ ಸೇರುತ್ತದೆ. ಸೆಳೆತಕ್ಕೆ ಎದುರಾಗಿ ಬರುವ ಬೋಟ್ ನಿಮ್ಮ ಮಾತು ಕೇಳುತ್ತದೆ. ಸೆಳೆತದ ಜೊತೆ ಬರುವ ಬೋಟ್ ಹೊಳೆಯ ಮಾತು ಕೇಳುತ್ತದೆ.

ಮೂರನೆಯದು ಹಗ್ಗ. ಮೂತಿಗೆ ವಿಂಚ್ ಪಟ್ಟಿ ಇರುತ್ತದೆ, ಹಿಂಬದಿಗೂ ಒಂದು ಉದ್ದ ಹಗ್ಗ ಬೇಕು. ಅದನ್ನು ಹಿಡಿದವರು ಹೊಳೆಯ ಮೇಲುಗಡೆ ದಡದಲ್ಲಿ ನಿಲ್ಲಬೇಕು. ಕೈಗೆ ಸುತ್ತಿಕೊಳ್ಳಬಾರದು. ಒಂದು ಗಟ್ಟಿ ಮರಕ್ಕೆ ಒಂದು ಸುತ್ತು ಹಾಕಿ ಹಿಡಿದರೆ ಒಬ್ಬರೇ ತಡೆಯಬಹುದು, ಬೇಕೆಂದಾಗ ಸಡಿಲಿಸಲೂಬಹುದು.

ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆ ಹೊಳೆ ತುಂಬಿ ಬಂದಾಗ ಈ ಯಾವ ಉಪಾಯವೂ ಸಾಲದು. ಮರದ ದಿಮ್ಮಿ ತೇಲಿಬರುವ ನೀರಿನಲ್ಲಿ ಬೋಟ್ ಇಳಿಸುವುದು ತರಬೇತಿ ಪಡೆದ ರಕ್ಷಣಾ ತಂಡದ ಕೆಲಸ.

ಪ್ರತಿ ಸಲ ಬೋಟ್ ಒಂದು ಬದಿಗೆ ವಾಲಿ ಕೂರುತ್ತದೆ.

ಟ್ರೇಲರಿನ ಹಿಂದಿನ ಎರಡು ಮೂಲೆಯಲ್ಲಿ ಎದೆ ಎತ್ತರದ ಪಿವಿಸಿ ಪೈಪಿನ ಕಂಬ ನಿಲ್ಲಿಸಿ. ಒಳಗೆ ಕಬ್ಬಿಣದ ಸರಳು, ಹೊರಗೆ ಪೈಪು, ತುದಿಗೆ ಮುಚ್ಚಳ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ಕಂಬಕ್ಕೂ ಬೋಟಿಗೂ ಪ್ರತಿ ಬದಿಯಲ್ಲಿ ಎರಡು ಮೂರು ಬೆರಳು ಅಂತರ ಇರಲಿ. ಈ ಕಂಬಗಳಿಂದ ಇನ್ನೊಂದು ಲಾಭ: ಖಾಲಿ ಟ್ರೇಲರ್ ರಿವರ್ಸ್ ಮಾಡುವಾಗ ಜೀಪಿನ ಕನ್ನಡಿಯಲ್ಲಿ ಅದು ಎಲ್ಲಿದೆ ಎಂದು ಕಾಣುತ್ತದೆ. ಟ್ರೇಲರಿಗೆ ನೀವು ಖರ್ಚು ಮಾಡುವ ಹಣದಲ್ಲಿ ಇಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಕಂಬ ಹಾಕಿದ ಮೇಲೂ ವಾಲುತ್ತಿದ್ದರೆ ದಡವೇ ಒಂದು ಕಡೆಗೆ ಓರೆಯಾಗಿರಬಹುದು, ಅಥವಾ ಬೋಟಿನೊಳಗೆ ಪೆಟ್ರೋಲ್ ಕ್ಯಾನ್, ಬ್ಯಾಟರಿ ಎಲ್ಲ ಒಂದೇ ಬದಿಗೆ ಸೇರಿರಬಹುದು.

ಎಂಜಿನ್ ಓಡಿಸಿಕೊಂಡೇ ಟ್ರೇಲರ್ ಮೇಲೆ ನುಗ್ಗಿಸಿದರೆ ವಿಂಚೇ ಬೇಡವಲ್ಲ?

ನೋಡಲು ಗತ್ತಾಗಿ ಕಾಣುತ್ತದೆ. ಆದರೆ ಪ್ರೊಪೆಲ್ಲರ್ ಹಿಂದಕ್ಕೆ ಎಸೆಯುವ ನೀರು ದಡದ ಮಣ್ಣು, ಜಲ್ಲಿಯನ್ನು ಕೊರೆದು ಟ್ರೇಲರಿನ ಹಿಂದೆಯೇ ಗುಂಡಿ ಮಾಡುತ್ತದೆ, ಎತ್ತಿದ ಮಣ್ಣನ್ನು ಅದರಾಚೆ ದಿಬ್ಬ ಹಾಕುತ್ತದೆ. ಮುಂದೆ ಬರುವವರ ಟ್ರೇಲರ್ ಗಾಲಿ ಆ ಗುಂಡಿಗೆ ಬೀಳುತ್ತದೆ. ಅಮೆರಿಕದ ಅನೇಕ ಬೋಟ್ ಇಳಿದಾಣಗಳಲ್ಲಿ ಇದೇ ಕಾರಣಕ್ಕೆ ಇದನ್ನು ನಿಷೇಧಿಸಿದ್ದಾರೆ. ನಮ್ಮ ಕೆಂಪು ಮಣ್ಣಿನ ದಡ ಕಾಂಕ್ರೀಟಿಗಿಂತ ಬೇಗ ಕೊರೆದುಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಜೊತೆಗೆ ಎಂಜಿನ್ ತಣ್ಣಗಿರಲು ಹೊರಗಿನ ನೀರನ್ನೇ ಹೀರುತ್ತದೆ. ಕಲಕಿದ ಕೆಸರು ಒಳಗೆ ಹೋದರೆ ನೀರಿನ ಪಂಪಿನ ರಬ್ಬರ್ ಚಕ್ರ ಸವೆದುಹೋಗುತ್ತದೆ.

ಕಡಿಮೆ ವೇಗದಲ್ಲಿ ಟ್ರೇಲರಿನ ಬಾಯಿಯವರೆಗೆ ಬನ್ನಿ, ಮೂತಿ ಹಲಗೆಗೆ ತಾಗಿದ ಕೂಡಲೇ ಎಂಜಿನ್ ಆರಿಸಿ ಮೇಲಕ್ಕೆ ಎತ್ತಿ. ಉಳಿದದ್ದು ವಿಂಚಿಗೆ ಬಿಡಿ.

ಸಹಾಯಕ್ಕೆ ಯಾರೂ ಇಲ್ಲ. ಒಬ್ಬನೇ ಏರಿಸಬಹುದೇ?

ಸಣ್ಣ ಬೋಟ್, ನಿಂತ ನೀರು ಆದರೆ ಆಗುತ್ತದೆ. ಬೋಟನ್ನು ಪಕ್ಕದ ದಡಕ್ಕೆ ಕಟ್ಟಿ, ಟ್ರೇಲರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಜೀಪಿನ ಗಾಲಿಗೆ ಮರದ ತುಂಡು ಕೊಡಿ. ಆಮೇಲೆ ಮೂತಿಯ ಉದ್ದ ಹಗ್ಗವನ್ನು ವಿಂಚ್ ಕಂಬದ ಹತ್ತಿರ ನಿಂತು ಎಳೆದುಕೊಳ್ಳಿ. ಟ್ರೇಲರಿನ ಮುಂದಿನ ಕಂಬಿಯ ಮೇಲೆ ಒಂದು ಹಲಗೆ ಬೋಲ್ಟ್ ಮಾಡಿಸಿಕೊಂಡರೆ ಕಾಲು ಒದ್ದೆಯಾಗದೆ ನಡೆಯಬಹುದು. ಗಾಳಿ ಇರುವ ದಿನ, ಹರಿವ ನೀರಿನಲ್ಲಿ ಮಾತ್ರ ಒಬ್ಬರೇ ಹೋಗಬೇಡಿ. ಸಂಜೆ ಆನೆ ನೀರಿಗೆ ಇಳಿಯುವ ದಡಗಳಲ್ಲಂತೂ ಬೇಡವೇ ಬೇಡ.

## ಅನುಭವಿಗಳ ತಕರಾರು

ನೀರಿನಲ್ಲಿ ಮೂತಿ ತಡೆ ರೋಲರಿಗೆ ಗಟ್ಟಿಯಾಗಿ ತಾಗಿರುತ್ತದೆ. ಮೇಲೆ ಎಳೆದ ಮೇಲೆ ನೋಡಿದರೆ ನಾಲ್ಕು ಬೆರಳು ಅಂತರ!

ಇದು ಬಹಳ ಜನರನ್ನು ಕಾಡುವ ಒಗಟು. ನೀರಿನಲ್ಲಿರುವಾಗ ಬೋಟಿನ ಹಿಂಬದಿ ತೇಲುತ್ತಿರುತ್ತದೆ, ಟ್ರೇಲರ್ ಇಳಿಜಾರಿನಲ್ಲಿ ಓರೆಯಾಗಿರುತ್ತದೆ. ಎರಡರ ಕೋನ ಒಂದೇ ಅಲ್ಲ. ಹೊರಗೆ ಎಳೆದಾಗ ಹಿಂಬದಿ ಹಲಗೆಗೆ ಕುಸಿಯುತ್ತದೆ, ಬೋಟ್ ಹಲಗೆಗೆ ಸಮನಾಗಿ ಮಲಗುತ್ತದೆ, ಮೂತಿ ಎದ್ದು ಹಿಂದೆ ಸರಿಯುತ್ತದೆ. ಟ್ರೇಲರ್ ಹೆಚ್ಚು ಮುಳುಗಿದಷ್ಟೂ ಈ ಅಂತರ ಹೆಚ್ಚು. ಆದ್ದರಿಂದ ಮೊದಲ ಔಷಧ, ಟ್ರೇಲರನ್ನು ಅರ್ಧ ಅಡಿ ಕಡಿಮೆ ಮುಳುಗಿಸಿ ಕೊನೆಯ ಭಾಗವನ್ನು ವಿಂಚಿನಿಂದ ಎಳೆಯುವುದು.

ಆಗಲೂ ಸರಿಹೋಗದಿದ್ದರೆ ವಿಂಚಿನ ಎತ್ತರ ನೋಡಿ. ಸಮತಟ್ಟು ನೆಲದಲ್ಲಿ ಬೋಟ್ ಸರಿಯಾಗಿ ಕೂತಿರುವಾಗ, ಮೂತಿಯ ಕಬ್ಬಿಣದ ಬಳೆ ತಡೆ ರೋಲರಿನ ಕೆಳಗೇ ಇರಬೇಕು. ಪಟ್ಟಿ ವಿಂಚಿನಿಂದ ಬಳೆಗೆ ನೇರವಾಗಿ ಅಥವಾ ತುಸು ಕೆಳಮುಖವಾಗಿ ಬರಬೇಕು. ವಿಂಚ್ ತಗ್ಗಿನಲ್ಲಿದ್ದರೆ ಅದು ಮೂತಿಯನ್ನು ಮುಂದಕ್ಕೆ ಎಳೆಯುವ ಬದಲು ಹಲಗೆಯ ಮೇಲೆ ಒತ್ತುತ್ತದೆ, ನಿಮ್ಮ ಬಲವೆಲ್ಲ ಅಲ್ಲೇ ಇಂಗಿಹೋಗುತ್ತದೆ.

ರಸ್ತೆಗೆ ಹೊರಡುವ ಮುಂಚೆ ಬ್ರೇಕ್ ಹೊಡೆದು ಬೋಟನ್ನು ಮುಂದಕ್ಕೆ ಜಾರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ.

ಹಲಗೆಗೆ ಗ್ರೀಸ್ ಅಥವಾ ಹಳೆಯ ಎಂಜಿನ್ ಆಯಿಲ್ ಬಳಿದರೆ ಜಾರುತ್ತದಲ್ಲವೇ?

ಜಾರುತ್ತದೆ, ಕಾವೇರಿಗೂ ಸೇರುತ್ತದೆ. ಅದೇ ನೀರು ಕೆಳಗಿನ ಊರುಗಳ ನಲ್ಲಿಗೆ ಹೋಗುತ್ತದೆ. ಮೊದಲು ಪುಕ್ಕಟೆಯ ಉಪಾಯ ನೋಡಿ: ಟ್ರೇಲರನ್ನು ಒಮ್ಮೆ ಪೂರ್ತಿ ಮುಳುಗಿಸಿ ಕಾರ್ಪೆಟ್ ನೆನೆಸಿ, ಆಮೇಲೆ ಬೇಕಾದ ಆಳಕ್ಕೆ ಮೇಲೆ ತನ್ನಿ. ಒದ್ದೆ ಕಾರ್ಪೆಟ್ ಒಣಗಿದ್ದಕ್ಕಿಂತ ಬಹಳ ಜಾರುತ್ತದೆ. ಸಾಲದಿದ್ದರೆ ಹಲಗೆಯ ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆಸಬಹುದು.

ಎಚ್ಚರ ಒಂದಿದೆ. ಹಲಗೆ ನುಣುಪಾದ ಮೇಲೆ ಬೋಟ್ ಇಳಿಸುವಾಗ ವಿಂಚ್ ಪಟ್ಟಿಯನ್ನು ನೀರು ಸೇರುವ ಮೊದಲು ಬಿಚ್ಚಿದರೆ ಬೋಟ್ ಒಣ ನೆಲದ ಮೇಲೇ ಇಳಿದುಬಿಡುತ್ತದೆ. ನೋಡುವವರಿಗೆ ನಗು, ಮಾಲೀಕರಿಗೆ ಫೈಬರ್ ರಿಪೇರಿ.

ವಿಂಚಿಗೆ ತಂತಿ ಹಗ್ಗ ಗಟ್ಟಿಯೋ, ನೇಯ್ದ ಪಟ್ಟಿಯೋ?

ಪಟ್ಟಿ. ತಂತಿಯ ಎಳೆ ಬಿಚ್ಚಿಕೊಂಡು ಅಂಗೈಗೆ ಚುಚ್ಚುತ್ತದೆ, ತುಕ್ಕು ಒಳಗೊಳಗೇ ತಿನ್ನುತ್ತದೆ, ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಪಟ್ಟಿ ಬಿಸಿಲಿಗೆ ಬಣ್ಣಗೆಟ್ಟರೆ, ಅಂಚು ಹರಿದರೆ, ಹೊಲಿಗೆ ಬಿಟ್ಟರೆ ಬದಲಿಸಿ, ಗಂಟು ಹಾಕಿ ಬಳಸಬೇಡಿ.

ಪಟ್ಟಿಗಿಂತ ಹೆಚ್ಚು ಪೆಟ್ಟು ಕೊಡುವುದು ಹ್ಯಾಂಡಲ್. ವಿಂಚ್ ಹಿಂದಕ್ಕೆ ತಿರುಗದಂತೆ ಹಿಡಿಯುವ ತಡೆಹಲ್ಲು ಬಿಟ್ಟ ಕೂಡಲೇ ಅದು ಗಿರ್ರನೆ ಹಿಂದಕ್ಕೆ ಸುತ್ತಿ ಮಣಿಕಟ್ಟು ಮುರಿಯಬಲ್ಲದು. ತಿರುಗಿಸುವಾಗ ಹಲ್ಲಿನ ಟಕ್ ಟಕ್ ಸದ್ದು ಕೇಳುತ್ತಿರಬೇಕು. ಬಿಡುವಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದೇ ಹಲ್ಲು ಎತ್ತಬೇಕು. ಮೂತಿಗೆ ವಿಂಚ್ ಪಟ್ಟಿಯ ಜೊತೆ ಒಂದು ಸರಪಳಿಯೂ ಇರಲಿ. ಬೋಟ್ ತಡೆ ರೋಲರಿಗೆ ಬಂದ ಮರುಕ್ಷಣ, ನೀರಿನಲ್ಲಿರುವಾಗಲೇ, ಅದನ್ನು ಕೊಂಡಿ ಹಾಕಿ.

ಗಾಳಿ ತುಂಬುವ ರಬ್ಬರ್ ದೋಣಿಗೂ ಇದೇ ಪದ್ಧತಿಯೇ?

ಪೂರ್ತಿ ಅಲ್ಲ. ಎಂಜಿನ್ ಬಿಚ್ಚಿದರೆ ನಾಲ್ಕು ಜನ ಎತ್ತಿ ಇಡಬಹುದಾದ ದೋಣಿಗೆ ವಿಂಚಿನ ಹಂಗೇ ಬೇಡ. ಎಂಜಿನ್ ಸಹಿತ ಏರಿಸುವುದಾದರೆ ಅಗಲವಾದ, ಮೆತ್ತೆ ಹೊದಿಸಿದ ಹಲಗೆ ಬೇಕು. ರೋಲರ್ ಒಂದೇ ಕಡೆ ಒತ್ತಿ ಬಟ್ಟೆಯನ್ನು ಸವೆಸುತ್ತದೆ. ಬಿಸಿಲಿನಲ್ಲಿ ಗಟ್ಟಿಯಾಗಿ ತುಂಬಿದ ದೋಣಿ ತಣ್ಣೀರಿಗೆ ಇಳಿದ ಮೇಲೆ ಮೆತ್ತಗಾಗುತ್ತದೆ. ಏರಿಸುವ ಮೊದಲು ಪಂಪ್ ಮಾಡಿ ಬಿಗಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಡುವಿನಲ್ಲಿ ಮಡಚಿ ಹಲಗೆಗೆ ಸಿಕ್ಕಿಕೊಳ್ಳುತ್ತದೆ. ಏರಿಸಿದ ಮೇಲೆ ಬಿಸಿಲಿದ್ದರೆ ಸ್ವಲ್ಪ ಗಾಳಿ ಬಿಡಿ.

ಗಾಲಿಯ ಬೇರಿಂಗ್ ಪದೇ ಪದೇ ಹೋಗುತ್ತದೆ. ಟ್ರೇಲರ್ ನೀರಿಗೆ ಇಳಿಯುವುದರಿಂದಲೇ?

ಬಿಸಿಯಾಗಿ ಇಳಿಯುವುದರಿಂದ. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದು ನೇರ ನೀರಿಗೆ ಬಿಟ್ಟರೆ ಗಾಲಿಯ ಗುಂಬ (ಬೇರಿಂಗ್ ಕೂರುವ ನಡುಭಾಗ) ಒಮ್ಮೆಲೇ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಗುಂಬ ಮುಟ್ಟಿ ನೋಡಿ, ಬಿಸಿ ಇದ್ದರೆ ಒಂದು ಕಾಫಿ ಕುಡಿದು ಬನ್ನಿ. ಲೈಟಿನ ವೈರನ್ನೂ ಅದೇ ಹೊತ್ತಿಗೆ ಬಿಚ್ಚಿಡಿ. ಮಳೆಗಾಲ ಮುಗಿದ ಮೇಲೆ ಬೇರಿಂಗ್ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿ.

ಏರಿಸಿ ಆಯಿತು. ಘಾಟಿ ರಸ್ತೆಗೆ ಹೊರಡುವ ಮೊದಲು ಏನು ನೋಡಬೇಕು?

ಮೊದಲು ನೀರು ಬಿಡುವ ಬಿರಡೆ ತೆಗೆಯಿರಿ. ತಳದಲ್ಲಿ 100 ಲೀಟರ್ ನಿಂತಿದ್ದರೆ 100 ಕೆಜಿ ಹೆಚ್ಚು ಭಾರ, ಅದೂ ಹಿಂಬದಿಯಲ್ಲಿ. ಆ ಭಾರ ಟ್ರೇಲರಿನ ಮೂತಿಯನ್ನು ಎತ್ತುತ್ತದೆ, ವೇಗ ಹೆಚ್ಚಿದಾಗ ಟ್ರೇಲರ್ ಹಾವಿನಂತೆ ಹರಿದಾಡುತ್ತದೆ. ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. 600 ಕೆಜಿ ಬೋಟ್, 200 ಕೆಜಿ ಟ್ರೇಲರ್ ಆದರೆ ಸುಮಾರು 80 ಕೆಜಿ. ಒಬ್ಬರು ಸಲೀಸಾಗಿ ಎತ್ತುವಷ್ಟು ಹಗುರವಿದ್ದರೆ ಬೋಟ್ ಇನ್ನೂ ಮುಂದೆ ಬರಬೇಕು. ತೆಗೆದ ಬಿರಡೆಯನ್ನು ಜೀಪಿನ ಕೀ ಗೊಂಚಲಿಗೆ ಕಟ್ಟಿ. ಮುಂದಿನ ಸಲ ಇಳಿಸುವಾಗ ಅದನ್ನು ಹಾಕದೆ ಬಿಟ್ಟರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಹಿಂಬದಿಯ ಎರಡು ಮೂಲೆಯನ್ನು ಬೆಲ್ಟಿನಿಂದ ಟ್ರೇಲರಿಗೆ ಬಿಗಿಯಿರಿ. ಮೂತಿಯ ಪಟ್ಟಿಯೊಂದನ್ನೇ ನಂಬಿ ಘಾಟಿ ಇಳಿಯಬಾರದು. ಇಳಿಜಾರಿನಲ್ಲಿ ಲೋ ಗೇರ್ ಹಾಕಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿ. ಒಂದೆರಡು ಕಿಲೋಮೀಟರ್ ಹೋಗಿ ನಿಲ್ಲಿಸಿ ಬೆಲ್ಟುಗಳನ್ನು ಮತ್ತೆ ಬಿಗಿ ಮಾಡಿ, ಒದ್ದೆಯಲ್ಲಿ ಬಿಗಿದದ್ದು ಸಡಿಲವಾಗಿರುತ್ತದೆ.

ಸ್ವಂತ ಬೋಟ್, ಸ್ವಂತ ಟ್ರೇಲರ್. ಇದಕ್ಕೂ ಕಾಗದಪತ್ರ ಬೇಕೇ?

ಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ವಾಹನವೇ, ನೋಂದಣಿ ಮಾಡಿಸಬೇಕು. ಯಂತ್ರದಿಂದ ಓಡುವ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ. ಹಾರಂಗಿಯಂತಹ ಜಲಾಶಯ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ, ಅನುಮತಿಯಿಲ್ಲದೆ ಬೋಟ್ ಇಳಿಸಬೇಡಿ. ದಡ ಅರಣ್ಯಕ್ಕೆ ಸೇರಿದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.